ಮೋಟು ನಳಿಗೆ, ದಪ್ಪ ತೋಟಾ

1965ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಮಾಡೆಲ್ 600 ಮ್ಯಾಗ್ನಂ ಎಂಬ ರೈಫಲ್ಲನ್ನು ಮಾರುಕಟ್ಟೆಗೆ ಬಿಟ್ಟಿತು. ನೋಡಲು ಚೆಂದವೇನೂ ಇರಲಿಲ್ಲ. ತೋಟಾವನ್ನು ಒಳಕ್ಕೆ ದೂಡಿ ಬಿಗಿಯುವ ಬೋಲ್ಟಿನ ಹಿಡಿ ನಾಯಿಯ ಹಿಂಗಾಲಿನಂತೆ ಸೊಟ್ಟ. ನಳಿಗೆಯ ಮೇಲೆ ಉದ್ದಕ್ಕೂ ಕಿಂಡಿಗಳಿದ್ದ ಪ್ಲಾಸ್ಟಿಕ್ ಪಟ್ಟಿ. ಭುಜಕ್ಕೆ ಆನಿಸುವ ಮರ ವಾಲ್‌ನಟ್ ಮತ್ತು ಬೀಚ್ ಪದರಗಳನ್ನು ಅಂಟಿಸಿ ಮಾಡಿದ್ದು, ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು. ನಳಿಗೆಯಂತೂ ಬರೀ ಹದಿನೆಂಟೂವರೆ ಇಂಚು. ಆ ಕಾಲದಲ್ಲಿ ಮ್ಯಾಗ್ನಂ, ಅಂದರೆ ಹೆಚ್ಚು ಮದ್ದಿನ ಕೋವಿ, ಎಂದು ಕರೆಸಿಕೊಳ್ಳಬೇಕಾದರೆ 24 ಇಂಚಾದರೂ ಇರಬೇಕಿತ್ತು, 26 ಇದ್ದರೆ ಇನ್ನೂ ಗೌರವ. ಮೂರು ಕಿಲೋ ಆಸುಪಾಸಿನ ಈ ಮೋಟು ಕೋವಿಯೊಳಗೆ ಕಂಪನಿ ಹೊಸದೊಂದು ತೋಟಾ ತುಂಬಿತ್ತು: .350 ರೆಮಿಂಗ್ಟನ್ ಮ್ಯಾಗ್ನಂ. (ಚುಕ್ಕಿಯ ಮುಂದಿನ ಅಂಕಿ ನಳಿಗೆಯ ಬಾಯಿಯ ಅಗಲ, ಹೆಚ್ಚುಕಡಿಮೆ ಇಂಚಿನ ಲೆಕ್ಕದಲ್ಲಿ.)

ಅದು ಓಡಲಿಲ್ಲ. 1968ಕ್ಕೆ 600ರ ಜಾಗದಲ್ಲಿ 20 ಇಂಚು ನಳಿಗೆಯ 660 ಬಂತು. 1971ಕ್ಕೆ ಅದೂ ನಿಂತಿತು. ಆದರೆ ಇವತ್ತು ಅಲಾಸ್ಕಾಕ್ಕೆ ಒಂದೇ ರೈಫಲ್ ಒಯ್ಯಬೇಕೆನ್ನುವವರು ಅಂಗಡಿಯಲ್ಲಿ ಕೇಳುವುದು ಹೆಚ್ಚುಕಡಿಮೆ ಇಂಥದನ್ನೇ. ರೆಮಿಂಗ್ಟನ್‌ನವರ ಲೆಕ್ಕ ಸರಿಯಿತ್ತು, ಗಿರಾಕಿಗಳು ನಲವತ್ತು ವರ್ಷ ತಡವಾಗಿ ಬಂದರು ಎನ್ನುವುದು ನನ್ನ ವಾದ.

ನಳಿಗೆ ಗಿಡ್ಡವಾಗಬೇಕೆಂಬ ಒತ್ತಾಯ ಪ್ರಾಣಿಯಿಂದ ಬಂದದ್ದಲ್ಲ, ದಾರಿಯಿಂದ ಬಂದದ್ದು. ಅಲಾಸ್ಕಾದ ಕೋಡಿಯಾಕ್ ದ್ವೀಪವನ್ನೇ ನೋಡಿ. ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲಿ ಸಾಮಾನಿನ ಜೊತೆ ಕೋವಿಯನ್ನೂ ತುರುಕಬೇಕು. ಇಳಿದ ಮೇಲೆ ಆಲ್ಡರ್ ಗಿಡಗಳ ಪೊದೆ, ನಮ್ಮ ಲಂಟಾನದ ಹಾಗೆ ಹೆಣೆದುಕೊಂಡದ್ದು. ಉದ್ದ ನಳಿಗೆ ಹೆಜ್ಜೆ ಹೆಜ್ಜೆಗೂ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಜಿಂಕೆ ಹೊಡೆಯಲು ಹೋದವನಿಗೆ ಹತ್ತು ಮಾರು ದೂರದಲ್ಲಿ ಕಂದು ಕರಡಿ ಎದ್ದು ನಿಲ್ಲಬಹುದು. ಮುಖ್ಯಭೂಮಿಯಲ್ಲಾದರೆ ಐನೂರು ಕಿಲೋ ದಾಟುವ ಮೂಸ್ ಎಂಬ ದೈತ್ಯ ಜಿಂಕೆ. ಜಿಂಕೆ, ಮೂಸ್, ಕರಡಿ ಮೂರಕ್ಕೂ ಸಲ್ಲುವ, ಕುದುರೆಯ ಜೀನಿಗೂ ಬೆನ್ನಿಗೂ ಹೊರೆಯಾಗದ ಒಂದೇ ಕೋವಿ ಬೇಕು ಎಂಬಲ್ಲಿಂದ ಈ ಕಥೆ ಶುರುವಾಗುತ್ತದೆ.

ಮ್ಯಾಗ್ನಂ ಎನ್ನುವುದು ಮೂಲತಃ ದೊಡ್ಡ ಶಾಂಪೇನ್ ಬಾಟಲಿಯ ಹೆಸರು. ಮಾಮೂಲಿಗಿಂತ ಹೆಚ್ಚು ಮದ್ದು ಹಿಡಿಯುವ ತೋಟಾಗಳಿಗೆ ಬ್ರಿಟಿಷ್ ಬಂದೂಕುಗಾರರು ಅದನ್ನೇ ಇಟ್ಟರು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ 1912ರಲ್ಲಿ ತಂದ .375 ಮ್ಯಾಗ್ನಂ ಆಫ್ರಿಕಾದ ದೊಡ್ಡ ಶಿಕಾರಿಗೆ ಇಂದಿಗೂ ಅಳತೆಗೋಲು. ಬುಡದಲ್ಲಿ ಸೊಂಟಪಟ್ಟಿಯಂಥ ಒಂದು ಬಳೆ, 72 ಮಿಲಿಮೀಟರ್ ಉದ್ದದ ಹಿತ್ತಾಳೆ ಚಿಪ್ಪು. ಇಷ್ಟುದ್ದದ ತೋಟಾಕ್ಕೆ ಬೋಲ್ಟೂ ಉದ್ದವಿರಬೇಕು, ಅದರ ಪೆಟ್ಟಿಗೆಯೂ ಉದ್ದವಿರಬೇಕು, ತೂಕವೂ ಹೆಚ್ಚುತ್ತದೆ. 1950ರ ದಶಕದಲ್ಲಿ ವಿಂಚೆಸ್ಟರ್ ಕಂಪನಿ ಇದೇ ಚಿಪ್ಪನ್ನು ಎರಡೂವರೆ ಇಂಚಿಗೆ ಕತ್ತರಿಸಿ ಮಾಮೂಲಿ ಬೋಲ್ಟಿಗೆ ಹೊಂದಿಸಿತು. 1956ರಲ್ಲಿ .458, 1958ರಲ್ಲಿ .338, ಆ ಸುಮಾರಿಗೇ .264. ತೋಟಾ ಗಿಡ್ಡವಾಯಿತು, ನಳಿಗೆ ಮಾತ್ರ ಹಾಗೇ ಉಳಿಯಿತು. ಅಲಾಸ್ಕನ್ ಎಂದೇ ಹೆಸರಿಟ್ಟ .338 ರೈಫಲ್ಲಿಗೂ 25 ಇಂಚಿನ ನಳಿಗೆ!

ಇದಕ್ಕೆ ಕಾರಣ ವೇಗದ ಹುಚ್ಚು. ಆಗ ಅಮೆರಿಕದ ಶಿಕಾರಿ ಪತ್ರಿಕೆಗಳಲ್ಲಿ ಎರಡು ಪಕ್ಷ. ಎಲ್ಮರ್ ಕೀತ್ ಎಂಬಾತ ದಪ್ಪ, ಭಾರದ ಗುಂಡಿನ ಪಕ್ಷಪಾತಿ. .338ರ ಹಿಂದೆ ಅವನು ಗೆಳೆಯರ ಜೊತೆ ಸೇರಿ ಮಾಡಿದ ಪ್ರಯೋಗಗಳಿವೆ. ಜ್ಯಾಕ್ ಓಕಾನರ್ ಸಣ್ಣ ಬಾಯಿಯ, ಚುರುಕಾದ .270ರ ಕಡೆಯವನು. ಇವರಿಬ್ಬರ ಜಗಳ ದಶಕಗಟ್ಟಲೆ ನಡೆಯಿತು. ಮಾರಾಟದಲ್ಲಿ ಗೆದ್ದದ್ದು ಚುರುಕುತನವೇ. 1962ರಲ್ಲಿ ಸ್ವತಃ ರೆಮಿಂಗ್ಟನ್ ತಂದ 7 ಮಿಲಿಮೀಟರ್ ಮ್ಯಾಗ್ನಂ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಮೂರು ವರ್ಷ ಕಳೆದು ಹುಟ್ಟಿದ .350ಕ್ಕೆ ಮನೆಯೊಳಗೇ ದಾಯಾದಿ ಕಾದಿದ್ದ.

ನಳಿಗೆ ಕತ್ತರಿಸಿದರೆ ಏನು ಕಳೆದುಹೋಗುತ್ತದೆ? ಕೋವಿಯ ಕುದುರೆ (ಟ್ರಿಗರ್) ಎಳೆದ ಕ್ಷಣ ಮದ್ದು ಉರಿದು ಅನಿಲವಾಗುತ್ತದೆ, ಅದು ಗುಂಡನ್ನು ತಳ್ಳುತ್ತಾ ಹಿಗ್ಗುತ್ತದೆ. ಹಿಗ್ಗಲು ಜಾಗ ಕೊಡುವುದೇ ನಳಿಗೆ. ಜಾಗ ಮುಗಿಯುವುದರೊಳಗೆ ತಳ್ಳುವುದು ಮುಗಿಯದಿದ್ದರೆ ಉಳಿದ ಶಕ್ತಿ ಬಾಯಿಯ ಹೊರಗೆ ಬೆಂಕಿಯಾಗಿ, ಸದ್ದಾಗಿ ಪೋಲಾಗುತ್ತದೆ. ಒಂದು ಇಂಚು ಕಡಿಮೆಯಾದರೆ ಸಾಮಾನ್ಯವಾಗಿ ಸೆಕೆಂಡಿಗೆ 20ರಿಂದ 40 ಅಡಿ ವೇಗ ಹೋಗುತ್ತದೆ. 20 ಎಲ್ಲಿ, 40 ಎಲ್ಲಿ ಎನ್ನುವುದರಲ್ಲೇ ಎಲ್ಲ ಗುಟ್ಟೂ ಇದೆ. ನಳಿಗೆಯೊಳಗಿನ ಜಾಗ ಅದರ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. .264 ನಳಿಗೆಯ ಒಂದು ಇಂಚಿಗಿಂತ .375 ನಳಿಗೆಯ ಒಂದು ಇಂಚಿನಲ್ಲಿ ಎರಡರಷ್ಟು ಜಾಗ. ಹಾಗಾಗಿ ಸಣ್ಣ ಬಾಯಿಗೆ ಚೀಲದಷ್ಟು ಮದ್ದು ತುಂಬುವ ತೋಟಾಗಳು ಉದ್ದ ನಳಿಗೆ ಬೇಡುತ್ತವೆ. ಅಗಲ ಬಾಯಿ, ಹದವಾದ ಮದ್ದಿನವು ಕತ್ತರಿಸಿದರೂ ಅಷ್ಟಾಗಿ ಗೊಣಗುವುದಿಲ್ಲ. .264 ವಿಂಚೆಸ್ಟರನ್ನು 20 ಇಂಚಿಗೆ ಇಳಿಸಿದವನು ಹೊಡೆತ ಮಾಮೂಲಿ ತೋಟಾದ್ದೇ ಪಡೆದು, ಸದ್ದನ್ನು ಮಾತ್ರ ಮ್ಯಾಗ್ನಂನದು ಅನುಭವಿಸುತ್ತಾನೆ.

ಅಗಲ ಬಾಯಿ, ಹದ ಮದ್ದು ಎನ್ನುವುದು ಹೊಸ ಜಾಣತನವೇನಲ್ಲ. ಬೆಂಗಳೂರಿನ ಕೆನ್ನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಅಲೆಯುವಾಗ ಹೆಗಲಲ್ಲಿದ್ದದ್ದು ವಿಂಚೆಸ್ಟರ್ ಮಾಡೆಲ್ 1895ರ .405. ಅಮೆರಿಕದ ಅಧ್ಯಕ್ಷ ಪದವಿ ಬಿಟ್ಟಿಳಿದು 1909ರಲ್ಲಿ ಆಫ್ರಿಕಾಕ್ಕೆ ಹೋದ ಥಿಯೋಡರ್ ರೂಸ್‌ವೆಲ್ಟ್ ಸಿಂಹಗಳಿಗೆಂದು ಒಯ್ದದ್ದೂ ಅದನ್ನೇ. 300 ಗ್ರೇನ್, ಅಂದರೆ ಸುಮಾರು ಹತ್ತೊಂಬತ್ತೂವರೆ ಗ್ರಾಂ ತೂಕದ ಗುಂಡು. ವೇಗ ಸೆಕೆಂಡಿಗೆ 2,200 ಅಡಿ ಮಾತ್ರ. ದೂರದ ಈಡಿಗೆ ಆಗದು, ಪೊದೆಯಂಚಿನ ಈಡಿಗೆ ಧಾರಾಳ. (ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಶಿಕಾರಿಯ ಕಾಲ ಮುಗಿಯಿತು. ಇಲ್ಲಿ ಹೇಳುತ್ತಿರುವ ಆಯ್ಕೆಯ ಪ್ರಶ್ನೆ ಪರವಾನಗಿ ಶಿಕಾರಿ ಇರುವ ದೇಶಗಳದ್ದು.)

.350 ಇದೇ ಹಳೇ ಲೆಕ್ಕಕ್ಕೆ ಮ್ಯಾಗ್ನಂ ಚಿಪ್ಪು ತೊಡಿಸಿದ್ದು. ಬಳೆಯಿರುವ ದಪ್ಪ ಚಿಪ್ಪನ್ನು 2.17 ಇಂಚಿಗೆ ಮೊಟಕು ಮಾಡಿ, .308ರಂಥ ಚಿಕ್ಕ ತೋಟಾಗಳ ಗಿಡ್ಡ ಬೋಲ್ಟಿಗೆ ಹೊಂದಿಸಿದರು. 200 ಗ್ರೇನಿನ ಗುಂಡಿಗೆ ಸೆಕೆಂಡಿಗೆ ಸುಮಾರು 2,700 ಅಡಿ. ಕಾಗದದ ಮೇಲೆ ಚೊಕ್ಕ ಕೆಲಸ. ಕೈಯಲ್ಲಿ ಹಿಡಿದಾಗ ಬೇರೆ ಕಥೆ. ಅಷ್ಟು ಹಗುರ ಕೋವಿಯಲ್ಲಿ ಭುಜಕ್ಕೆ ಬೀಳುವ ಒದೆತ 30 ಅಡಿ-ಪೌಂಡ್ ಹತ್ತಿರ, ಎಂಟು ಪೌಂಡಿನ ಮಾಮೂಲಿ .30-06 ಕೋವಿ ಒದೆಯುವುದು 20ರಷ್ಟು. ಮೋಟು ನಳಿಗೆಯ ಬಾಯಿ ಮುಖಕ್ಕೆ ಹತ್ತಿರ, ಸಿಡಿಲಿನಂಥ ಸದ್ದು. ಅಂದಿನ ಶಿಕಾರಿ ಕಿವಿಗೆ ಏನೂ ಹಾಕಿಕೊಳ್ಳುತ್ತಿರಲಿಲ್ಲ ಎನ್ನುವುದನ್ನು ಮರೆಯಬಾರದು. ಇನ್ನೊಂದು ತೊಡಕು ಜಾಗದ್ದು: ತೋಟಾಗಳು ಕೂರುವ ಮ್ಯಾಗಜೀನ್ ಚಿಕ್ಕದಾದ್ದರಿಂದ 250 ಗ್ರೇನಿನ ಉದ್ದ ಗುಂಡನ್ನು ಚಿಪ್ಪಿನೊಳಗೆ ಆಳಕ್ಕೆ ಇಳಿಸಬೇಕು, ಅದು ಮದ್ದಿನ ಜಾಗ ತಿನ್ನುತ್ತದೆ. ಮರುವರ್ಷ ಅದೇ ಮೋಟು ಕೋವಿಗೆ 6.5 ರೆಮಿಂಗ್ಟನ್ ಮ್ಯಾಗ್ನಂ ತಂದರು. ಸಣ್ಣ ಬಾಯಿಗೆ ಹದಿನೆಂಟೂವರೆ ಇಂಚು! ಇದಂತೂ ತಮ್ಮ ಲೆಕ್ಕವನ್ನು ತಾವೇ ಮರೆತ ಹಾಗೆ.

ಮುಂದಿನ ಮೂವತ್ತು ವರ್ಷ ಈ ದಿಕ್ಕಿನಲ್ಲಿ ದೊಡ್ಡದೇನೂ ನಡೆಯಲಿಲ್ಲ. 2001ರ ಸುಮಾರಿಗೆ ವಿಂಚೆಸ್ಟರ್ .300 ಡಬ್ಲ್ಯುಎಸ್‌ಎಂ (ವಿಂಚೆಸ್ಟರ್ ಶಾರ್ಟ್ ಮ್ಯಾಗ್ನಂ) ಎಂಬ ಬಳೆಯಿಲ್ಲದ ಕುಳ್ಳ-ದಪ್ಪ ತೋಟಾ ತಂದಿತು, ರೆಮಿಂಗ್ಟನ್ ಹಿಂದೆಯೇ ತನ್ನದೊಂದು ತಂದಿತು. ಪೇಟೆಂಟಿನ ಜಗಳವೂ ಆಯಿತು. ದಪ್ಪ ಚಿಪ್ಪು ಮ್ಯಾಗಜೀನಿನಿಂದ ನಳಿಗೆಗೆ ನುಣ್ಣಗೆ ಜಾರುವುದಿಲ್ಲ ಎಂಬ ದೂರೂ ಕೇಳಿಬಂತು. 2003ರಲ್ಲಿ ರೆಮಿಂಗ್ಟನ್ ಹಳೇ ಪ್ಲಾಸ್ಟಿಕ್ ಪಟ್ಟಿಯ ಚಹರೆಯನ್ನು ನೆನಪಿಸುವ ಮಾಡೆಲ್ 673ರಲ್ಲಿ .350ಕ್ಕೆ ಮರುಜೀವ ಕೊಡಲು ನೋಡಿತು. ಅದಕ್ಕೆ 22 ಇಂಚಿನ ನಳಿಗೆ. ಅದೂ ಬಾಳಲಿಲ್ಲ.

ಗೆದ್ದದ್ದು 2007ರಲ್ಲಿ ರೂಗರ್ ಮತ್ತು ಹಾರ್ನಡಿ ಕಂಪನಿಗಳು ಕೂಡಿ ತಂದ .375 ರೂಗರ್. ಹಾಲೆಂಡ್ ತೋಟಾದ ಬಳೆ ಎಷ್ಟು ದಪ್ಪವೋ ಇಡೀ ಚಿಪ್ಪನ್ನೇ ಅಷ್ಟು ದಪ್ಪ ಮಾಡಿ ಬಳೆಯನ್ನು ಕಿತ್ತುಹಾಕಿದರು. ಉದ್ದ 2.58 ಇಂಚಿಗೆ ಇಳಿದರೂ ಮದ್ದು ಕಮ್ಮಿಯಾಗಲಿಲ್ಲ. ದುಬಾರಿ ಉದ್ದ ಬೋಲ್ಟಿನ ಹಂಗು ತಪ್ಪಿತು. ಮೊದಲಿಗೇ ಬಂದ ಹಾಕ್‌ಐ ಅಲಾಸ್ಕನ್ ರೈಫಲ್ಲಿಗೆ 20 ಇಂಚಿನ ನಳಿಗೆ. ಹಾಲೆಂಡ್ ತೋಟಾ 24 ಇಂಚಿನಲ್ಲಿ ಕೊಡುತ್ತಿದ್ದ ಹೊಡೆತ ಹೆಚ್ಚುಕಡಿಮೆ ಇದರಲ್ಲೇ ಸಿಕ್ಕಿತು. ತೂಕ ಎಂಟು ಪೌಂಡ್ ಆಸುಪಾಸು, ಅಂದರೆ 600ಕ್ಕಿಂತ ಮುಕ್ಕಾಲು ಕಿಲೋ ಹೆಚ್ಚು. ಆ ಮುಕ್ಕಾಲು ಕಿಲೋ ಭುಜಕ್ಕೆ ಮಾಡುವ ಉಪಕಾರ ಸಣ್ಣದಲ್ಲ.

ಹಾಗಾದರೆ ಆರಿಸುವವನು ಯಾವುದನ್ನು ಆರಿಸಬೇಕು? ಕರಡಿಯ ನಾಡಿನಲ್ಲೇ ಹೆಚ್ಚು ಓಡಾಡುವವನಿಗೆ 20 ಇಂಚಿನ .375 ರೂಗರ್. ಮೂಸ್ ಮತ್ತು ಎಲ್ಕ್ ಎಂಬ ದೊಡ್ಡ ಜಿಂಕೆಗಳು ಮುಖ್ಯ, ಕರಡಿ ಅಪರೂಪ ಎನ್ನುವವನಿಗೆ .338 ಇಲ್ಲವೇ .300 ಡಬ್ಲ್ಯುಎಸ್‌ಎಂ, ಆದರೆ ನಳಿಗೆ 22ಕ್ಕಿಂತ ಕೆಳಗೆ ಬೇಡ. ಅಲಾಸ್ಕಾದ ಮೀನು ಮತ್ತು ಬೇಟೆ ಇಲಾಖೆಯ ಸಲಹೆಯಂತೂ ಇನ್ನೂ ಸಪ್ಪೆ: ಕರಡಿಗೆ ಹೆದರಿ ಮ್ಯಾಗ್ನಂ ಕೊಂಡು ಒದೆತಕ್ಕೆ ಕಣ್ಣು ಮುಚ್ಚುವುದಕ್ಕಿಂತ, ಗುರಿ ಪಳಗಿದ .30-06 ವಾಸಿ ಎಂಬ ಧಾಟಿ. ಕೋವಿ ಮಾರುವವರಿಗೆ ಇದು ರುಚಿಸದ ಮಾತು. ಕ್ಯಾಲಿಫೋರ್ನಿಯಾ 2019ರಿಂದ ಶಿಕಾರಿಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ. ಬದಲಿಗೆ ಬಳಸುವ ತಾಮ್ರದ ಗುಂಡು ಮೈಯೊಳಗೆ ಅರಳಲು ವೇಗ ಬೇಕು, ಮೋಟು ನಳಿಗೆ ಆ ವೇಗದಲ್ಲೇ ಕೈ ಹಾಕುತ್ತದೆ. ದೂರ ಹೊಡೆಯುವವನು ಇದನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು. ಮೋಟು ಎಂದರೂ ಮಿತಿಯಿದೆ: ಅಮೆರಿಕದಲ್ಲಿ 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್ 1934ರ ಕಾನೂನಿನ ನೋಂದಣಿಗೆ ಒಳಪಡುತ್ತದೆ. 18, 20 ಇಂಚಿನವಕ್ಕೆ ಆ ತಾಪತ್ರಯವಿಲ್ಲ.

ಫಿನ್ಲೆಂಡ್, ನಾರ್ವೆಗಳಲ್ಲಿ ಕೋವಿಯ ಬಾಯಿಗೆ ಸೈಲೆನ್ಸರ್ ಹಾಕಿ ಶಿಕಾರಿ ಮಾಡುವುದು ಮಾಮೂಲು. ಆ ರೂಢಿ ಅಮೆರಿಕದಲ್ಲೂ ಹಬ್ಬುತ್ತಿರುವುದು ಮೋಟು ನಳಿಗೆಗೆ ಹೊಸ ಗಿರಾಕಿಗಳನ್ನು ತಂದಿದೆ. ಏಳೆಂಟು ಇಂಚಿನ ಕೊಳವೆ ಸಿಕ್ಕಿಸಿದ ಮೇಲೆ ಅದೇ ಪೊದೆಯಲ್ಲಿ ಅದೇ ಉದ್ದ ಮತ್ತೆ ಸಿಕ್ಕಿಕೊಳ್ಳುತ್ತದಲ್ಲ ಎಂದು ಕೇಳಬಹುದು. ನಿಜ, ಆದರೆ ಕಿವಿ ಉಳಿಯುತ್ತದೆ.

ಹಳೇ 600 ಇಂದು ಸಂಗ್ರಾಹಕರ ಕೈಯಲ್ಲಿದೆ, ಬೆಲೆಯೂ ಏರಿದೆ. ಎಲ್ಲಾದರೂ ಸಿಕ್ಕರೆ ಮೊದಲು ನೋಡಬೇಕಾದದ್ದು ಪಟ್ಟೆ ಮರವನ್ನಲ್ಲ, ಕುದುರೆಯ ಜೋಡಣೆಯನ್ನು. ಸುರಕ್ಷೆಯ ದೋಷ, ಅದರ ಮೇಲೊಂದು ದೊಡ್ಡ ಮೊಕದ್ದಮೆ, ಇವುಗಳ ನಂತರ 70ರ ದಶಕದ ಕೊನೆಗೆ ಕಂಪನಿ 600 ಮತ್ತು 660ಗಳನ್ನು ದುರಸ್ತಿಗೆ ವಾಪಸು ಕರೆದಿತ್ತು. ಎಲ್ಲವೂ ಹೋಗಿ ಬಂದಿಲ್ಲ. ಕಾರ್ಖಾನೆಯ .350 ತೋಟಾ ಅಂಗಡಿಯಲ್ಲಿ ಸಿಗುವುದೂ ಅಪರೂಪ. ಇಟ್ಟುಕೊಂಡವರು ಬಹುಮಟ್ಟಿಗೆ ಖಾಲಿ ಚಿಪ್ಪುಗಳನ್ನು ಜೋಪಾನ ಮಾಡಿ ತಾವೇ ಮದ್ದು ತುಂಬಿಕೊಳ್ಳುತ್ತಾರೆ.