ಭಾನುವಾರದ ಬೆಳಗಿನ ಉಪವಾಸ

ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನನ್ನ ಬಳಿಗೆ ಸಲಹೆಗೆ ಬರುವವರಲ್ಲಿ ಹಲವರು ಒಂದೇ ಉಸಿರಿನಲ್ಲಿ ಎರಡು ಬೇಡಿಕೆಗಳನ್ನು ಮುಂದಿಡುತ್ತಾರೆ: ವರ್ಷದ ಕೊನೆಯ ಭಾಗದಲ್ಲಿ ಗೋವಾದಲ್ಲಿ ನಡೆಯುವ ಐರನ್‌ಮ್ಯಾನ್ 70.3 ಸ್ಪರ್ಧೆಗೆ ಸಿದ್ಧರಾಗಬೇಕು, ಅಷ್ಟರೊಳಗೆ ಹತ್ತು ಹನ್ನೆರಡು ಕಿಲೋ ತೂಕವನ್ನೂ ಇಳಿಸಬೇಕು. 1.9 ಕಿ.ಮೀ. ಸಮುದ್ರದಲ್ಲಿ ಈಜಿ, 90 ಕಿ.ಮೀ. ಸೈಕಲ್ ತುಳಿದು, ಅದರ ಬೆನ್ನಿಗೇ 21.1 ಕಿ.ಮೀ. ಓಡುವ ಈ ಸ್ಪರ್ಧೆ 2019ರಲ್ಲಿ ಮೊದಲ ಬಾರಿಗೆ ನಮ್ಮ ದೇಶಕ್ಕೆ ಬಂದಾಗ ಇಂಥವರು ವರ್ಷಕ್ಕೆ ನಾಲ್ಕೈದು ಮಂದಿ ಬರುತ್ತಿದ್ದರು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು 2024ರ ಅಕ್ಟೋಬರ್‌ನಲ್ಲಿ ಅದನ್ನು 8 ಗಂಟೆ 27 ನಿಮಿಷಗಳಲ್ಲಿ ಪೂರೈಸಿದ ಸುದ್ದಿ ಹರಡಿದ ಮೇಲೆ, ಹಿಂದೆಂದೂ ಆಟದ ಮೈದಾನಕ್ಕೆ ಇಳಿಯದಿದ್ದವರೂ ವಿಚಾರಿಸತೊಡಗಿದ್ದಾರೆ. ಇದು ನನಗೆ ನಿಜವಾಗಿಯೂ ಸಂತೋಷ ಕೊಡುವ ಬದಲಾವಣೆ. ನಲವತ್ತು ದಾಟಿದ ಮೇಲೆ ಈಜು ಕಲಿಯಲು ಕೊಳಕ್ಕೆ ಇಳಿಯುವವರ ಬಗ್ಗೆ ನನಗೆ ಅಪಾರ ಗೌರವವಿದೆ.

ನನಗೆ ಬೇಸರ ತರಿಸುವುದು ಅವರ ಗುರಿಯಲ್ಲ, ಆ ಎರಡು ಗುರಿಗಳನ್ನು ಒಂದೇ ದಿನದ ಒಂದೇ ಗಂಟೆಯಲ್ಲಿ ಸಾಧಿಸಲು ಹೊರಡುವ ರೀತಿ. ಹದಿನಾರು ವರ್ಷಗಳಿಂದ ಕ್ರೀಡಾಪಟುಗಳ ಆಹಾರದ ಕೆಲಸ ಮಾಡುತ್ತಿರುವ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತೆಂದರೆ, ವಾರದ ಅತಿ ದೀರ್ಘ ತರಬೇತಿಯ ದಿನ ಹೊಟ್ಟೆಗೆ ಕಡಿಮೆ ಹಾಕಬೇಡಿ ಎಂಬುದು. ಹಾಗೆಯೇ ಅತಿ ಹೆಚ್ಚು ಸಲ ಪಾಲನೆಯಾಗದ ಮಾತೂ ಅದೇ. ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಸಕ್ಕರೆ ಹಾಕದ ಕಪ್ಪು ಕಾಫಿಯನ್ನಷ್ಟೇ ಕುಡಿದು, ನಂದಿಬೆಟ್ಟದವರೆಗೆ ಸೈಕಲ್ ತುಳಿದು ಹಿಂತಿರುಗಿ, ಮಧ್ಯಾಹ್ನ ಹನ್ನೆರಡರವರೆಗೆ ಏನನ್ನೂ ಮುಟ್ಟದೆ ಇರುವವರು ಅದನ್ನು ಶಿಸ್ತು ಎಂದು ಭಾವಿಸುತ್ತಾರೆ. ಎಷ್ಟು ಕರಗಿತು ಎಂದು ಕೈಗಡಿಯಾರ ತೋರಿಸುವ ಅಂಕಿಯನ್ನು ನನಗೆ ಅಭಿಮಾನದಿಂದ ತೋರಿಸುತ್ತಾರೆ.

ಎರಡು ವರ್ಷಗಳ ಹಿಂದೆ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ತಾಯಿಯನ್ನು ಜೊತೆಗೆ ಕರೆದುಕೊಂಡು ಬಂದಿದ್ದರು. ಸರಿಯಾಗಿ ಹೇಳಬೇಕೆಂದರೆ ತಾಯಿಯೇ ಮಗನನ್ನು ಕರೆತಂದಿದ್ದರು. ಮಗನಿಗೆ ನಲವತ್ತೆರಡು ವರ್ಷ. 84 ಕಿಲೋದಿಂದ 80ಕ್ಕೆ ಇಳಿದಿದ್ದರು, ಆದರೆ ಕಳೆದ ಏಳು ವಾರಗಳಿಂದ ಮುಳ್ಳು ಅಲ್ಲಾಡಿರಲಿಲ್ಲ. ಬಲಗಾಲಿನ ಮೊಣಕಾಲ ಕೆಳಗಿನ ಮೂಳೆಯ ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸಬಹುದಾದಷ್ಟು ನಿಖರವಾಗಿ, ನೋವು ಕಾಣಿಸಿಕೊಂಡಿತ್ತು. “ಇವನು ಅನ್ನ ಬಿಟ್ಟು ಮೂರು ತಿಂಗಳಾಯಿತು ಮೇಡಂ. ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ಡಬ್ಬ ತೆಗೆಯುವ ಸದ್ದು ಕೇಳುತ್ತದೆ. ಕೇಳಿದರೆ ಮೈಮೇಲೆ ಬರುತ್ತಾನೆ” ಎಂದು ಆ ತಾಯಿ ಹೇಳಿದರು. ನಾನು ಕೇಳಬೇಕೆಂದಿದ್ದ ಮೂರು ಪ್ರಶ್ನೆಗಳಿಗೆ ಆ ಒಂದೇ ಮಾತಿನಲ್ಲಿ ಉತ್ತರ ಸಿಕ್ಕಿತ್ತು.

ಅನ್ನ ಬಿಟ್ಟ ಮೊದಲ ಎಂಟು ದಿನಗಳಲ್ಲಿ ಎರಡು ಕಿಲೋ ಇಳಿಯಿತು ಎಂಬುದೇ ಅವರಿಗೆ ತಮ್ಮ ದಾರಿ ಸರಿ ಎಂಬ ನಂಬಿಕೆಯನ್ನು ಕೊಟ್ಟಿತ್ತು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಾವು ತಿಂದ ಅನ್ನ, ಚಪಾತಿ, ಹಣ್ಣುಗಳ ಪಿಷ್ಟ ಮತ್ತು ಸಕ್ಕರೆಯ ಒಂದು ಭಾಗ ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಸಂಗ್ರಹವಾಗಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಹತ್ತಿರ ಹತ್ತಿರ ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ ಬಿಟ್ಟು ವ್ಯಾಯಾಮ ಮುಂದುವರಿಸಿದರೆ ಈ ದಾಸ್ತಾನು ಖಾಲಿಯಾಗುತ್ತದೆ, ಅದರೊಂದಿಗಿದ್ದ ನೀರೂ ಹೋಗುತ್ತದೆ. ತಕ್ಕಡಿಯಲ್ಲಿ ಕಂಡ ಎರಡು ಕಿಲೋದಲ್ಲಿ ಬಹುಪಾಲು ಇದೇ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋ ಕ್ಯಾಲೊರಿಗಳಿರುವುದರಿಂದ ಎಂಟು ದಿನಗಳಲ್ಲಿ ಎರಡು ಕಿಲೋ ಕೊಬ್ಬು ಕರಗಬೇಕಾದರೆ ದಿನಕ್ಕೆ ಸುಮಾರು 1,900ರಷ್ಟು ಕೊರತೆ ಬೀಳಬೇಕು, ಅದು ಆಗಿರಲು ಸಾಧ್ಯವೇ ಇರಲಿಲ್ಲ. ಅಂದರೆ ಅವರು ಕಳೆದುಕೊಂಡದ್ದು ಹೊಟ್ಟೆಯ ಸುತ್ತಲಿನ ಬೊಜ್ಜಿಗಿಂತ ಹೆಚ್ಚಾಗಿ, ಬೆಟ್ಟ ಹತ್ತಲು ಬೇಕಾಗಿದ್ದ ಇಂಧನವನ್ನೇ.

ಇನ್ನು ನಾನು ಎಷ್ಟು ವಿವರಿಸಿದರೂ ಜನರ ಮನಸ್ಸಿಗೆ ನಾಟದ ವಿಷಯಕ್ಕೆ ಬರುತ್ತೇನೆ. ತಿಂಗಳ ಸಂಬಳ ಬಂದ ಕೂಡಲೇ ಸಾಲದ ಕಂತು ತಾನಾಗಿಯೇ ಕಡಿತವಾಗುತ್ತದೆ, ಉಳಿದ ಹಣದಲ್ಲಿ ಬಾಡಿಗೆ, ದಿನಸಿ, ಮಕ್ಕಳ ಶುಲ್ಕ ಎಲ್ಲವೂ ನಡೆಯಬೇಕು. ದೇಹದ ಲೆಕ್ಕವೂ ಹೀಗೆಯೇ. ತಿಂದದ್ದರಲ್ಲಿ ವ್ಯಾಯಾಮದ ಖರ್ಚು ಮೊದಲು ಹೋಗುತ್ತದೆ. ಹೃದಯ, ಮೆದುಳು, ಮೂಳೆಯ ದುರಸ್ತಿ, ರಕ್ತದ ಉತ್ಪಾದನೆ, ಹಾರ್ಮೋನುಗಳು, ರೋಗ ನಿರೋಧಕ ಶಕ್ತಿ ಎಲ್ಲವೂ ಉಳಿದದ್ದರಲ್ಲಿ ನಡೆಯಬೇಕು. ನನ್ನೆದುರು ಕುಳಿತಿದ್ದವರ 80 ಕಿಲೋದಲ್ಲಿ ಕಾಲು ಭಾಗ ಕೊಬ್ಬು ಎಂದು ಹಿಡಿದರೆ ಕೊಬ್ಬನ್ನು ಬಿಟ್ಟ ದೇಹದ ತೂಕ 60 ಕಿಲೋ. ಅವರು ದಿನಕ್ಕೆ 1,500 ಕಿಲೋ ಕ್ಯಾಲೊರಿ ತಿನ್ನುತ್ತಿದ್ದರು. ಓಟದಲ್ಲಿ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ ಕ್ಯಾಲೊರಿ ಖರ್ಚಾಗುತ್ತದೆ, ಆದ್ದರಿಂದ ವಾರದ ನಡುವಿನ ಒಂಬತ್ತು ಕಿಲೋಮೀಟರ್ ಓಟಕ್ಕೆ 720 ಹೋಯಿತು. ಉಳಿದದ್ದು 780, ಅಂದರೆ ಕೊಬ್ಬಿಲ್ಲದ ದೇಹದ ಪ್ರತಿ ಕಿಲೋಗೆ 13. ಭಾನುವಾರ ಮೂರು ಗಂಟೆಗಳ ಸೈಕಲ್ ಸವಾರಿಗೆ ಸುಮಾರು 1,500 ಖರ್ಚಾದ ದಿನ ಉಳಿದದ್ದು ಸೊನ್ನೆ.

ಈ ಉಳಿಕೆ ಪ್ರತಿ ಕಿಲೋಗೆ 30ಕ್ಕಿಂತ ಕೆಳಗೆ ಬಹುಕಾಲ ಇದ್ದರೆ ತೊಂದರೆ ಶುರುವಾಗುತ್ತದೆ ಎಂಬುದು ಮುಖ್ಯವಾಗಿ ಮಹಿಳೆಯರ ಮೇಲೆ ನಡೆದ ಅಧ್ಯಯನಗಳಿಂದ ಬಂದ ಅಂದಾಜು. ಅದನ್ನು ಎಲ್ಲರಿಗೂ ಒಂದೇ ಗೆರೆಯೆಂದು ಹಿಡಿಯಬಾರದು, ಪುರುಷರಲ್ಲಿ ಗೆರೆ ಇನ್ನೂ ಕೆಳಗಿರಬಹುದು, ವ್ಯಕ್ತಿಯಿಂದ ವ್ಯಕ್ತಿಗೂ ಬದಲಾಗುತ್ತದೆ. ಆದರೆ 13 ಮತ್ತು ಸೊನ್ನೆ ಯಾವ ಗೆರೆಗೂ ಹತ್ತಿರವಿಲ್ಲ. ಇಂಥ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ‘ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿಯ ಕೊರತೆ’ ಎಂಬ ಅರ್ಥದ ಒಂದು ಪ್ರತ್ಯೇಕ ಹೆಸರನ್ನೇ ಕೊಟ್ಟರು, ಅದರ ಇಂಗ್ಲಿಷ್ ಹೆಸರನ್ನು ಚಿಕ್ಕದಾಗಿ ರೆಡ್ಸ್ ಎನ್ನುತ್ತಾರೆ. 2018ರಲ್ಲಿ ಮತ್ತು 2023ರಲ್ಲಿ ಅದರ ವಿವರಗಳನ್ನು ಪರಿಷ್ಕರಿಸಿದ್ದಾರೆ. ಇದು ಪದಕ ಗೆಲ್ಲುವವರ ಕಾಯಿಲೆ, ನಮಗೇಕೆ ಬರುತ್ತದೆ ಎಂದು ಬಹಳ ಮಂದಿ ಕೇಳುತ್ತಾರೆ. ದಿನವಿಡೀ ಕಚೇರಿ ಕೆಲಸ ಮಾಡಿ, ಆರು ಗಂಟೆಗಿಂತ ಕಡಿಮೆ ಮಲಗಿ, ವಾರಕ್ಕೆ ಹತ್ತು ಗಂಟೆ ತರಬೇತಿ ಮಾಡುವ ಹವ್ಯಾಸಿಗಳಲ್ಲೇ ನಾನು ಇದನ್ನು ಹೆಚ್ಚಾಗಿ ಕಂಡಿದ್ದೇನೆ.

ಕೊರತೆ ಮುಂದುವರಿದಾಗ ದೇಹ ತುರ್ತಿಲ್ಲದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಮೂಳೆಯಲ್ಲಿ ಓಟದಿಂದ ದಿನವೂ ಆಗುವ ಸೂಕ್ಷ್ಮ ಹಾನಿಯ ದುರಸ್ತಿ ನಿಧಾನವಾಗುತ್ತದೆ, ಬಿರುಕು ಬೆಳೆಯುತ್ತದೆ. ಆ ಎಂಜಿನಿಯರ್ ಅವರನ್ನು ಅಂದೇ ಮೂಳೆತಜ್ಞರ ಬಳಿಗೆ ಕಳಿಸಿದೆ, ಎಂಆರ್‌ಐನಲ್ಲಿ ಕಂಡದ್ದೂ ಬಿರುಕೇ. ನೋಂದಣಿ ಶುಲ್ಕ ಕಟ್ಟಿ, ಹೊಸ ಸೈಕಲ್ ಕೊಂಡು, ಒಂದು ವರ್ಷ ಕನಸು ಕಂಡವರು ಆ ಸಲ ಓಡಲಿಲ್ಲ.

ಮಹಿಳೆಯರಲ್ಲಿ ಸೂಚನೆ ಇನ್ನೂ ಸ್ಪಷ್ಟವಾಗಿರುತ್ತದೆ, ಅದನ್ನು ಓದುವವರಿಲ್ಲ ಎಂಬುದು ನನ್ನ ಸಂಕಟ. ಮೈಸೂರಿನಿಂದ ಬರುತ್ತಿದ್ದ ಶಿಕ್ಷಕಿಯೊಬ್ಬರಿಗೆ ನಾಲ್ಕು ತಿಂಗಳು ಮುಟ್ಟು ನಿಂತಿತ್ತು. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ವಾರಕ್ಕೆ ಮೂರು ಸಲ ಓಡಿ ಹತ್ತುತ್ತಿದ್ದ ಅವರಿಗೆ ಜೊತೆಯಲ್ಲಿ ತರಬೇತಿ ಮಾಡುವವರು, ಕಷ್ಟಪಟ್ಟು ಅಭ್ಯಾಸ ಮಾಡುವವರಿಗೆ ಹಾಗಾಗುವುದು ಸಹಜ ಎಂದಿದ್ದರಂತೆ. ಸಹಜವಲ್ಲ. ಗರ್ಭಧಾರಣೆ, ಥೈರಾಯ್ಡ್ ಮುಂತಾದ ಬೇರೆ ಕಾರಣಗಳೂ ಇರಬಹುದಾದ್ದರಿಂದ ಮೊದಲು ಸ್ತ್ರೀರೋಗ ತಜ್ಞರು ನೋಡಲೇಬೇಕು. ಆದರೆ ಮೂರು ತಿಂಗಳು ಮುಟ್ಟು ಬಾರದಿರುವುದನ್ನು ಯಾರೂ ಫಿಟ್‌ನೆಸ್‌ನ ಗುರುತು ಎಂದು ಹೇಳಬಾರದು. ಪುರುಷರಲ್ಲಿ ಇಂಥ ಗಂಟೆ ಬಾರಿಸುವ ಲಕ್ಷಣ ಇಲ್ಲದಿರುವುದರಿಂದ ನಾನು ಬೇರೆ ಪ್ರಶ್ನೆಗಳನ್ನು ಕೇಳುತ್ತೇನೆ: ಲೈಂಗಿಕ ಆಸಕ್ತಿ ಕುಗ್ಗಿದೆಯೇ, ಪದೇ ಪದೇ ನೆಗಡಿ ಬರುತ್ತಿದೆಯೇ, ಸಣ್ಣ ವಿಷಯಕ್ಕೂ ಸಿಡುಕುತ್ತೀರಾ, ನಡುರಾತ್ರಿ ಹಸಿವಿನಿಂದ ಎಚ್ಚರವಾಗುತ್ತದೆಯೇ? ಕೊನೆಯ ಎರಡಕ್ಕೆ ಉತ್ತರ ಸಾಮಾನ್ಯವಾಗಿ ಮನೆಯವರಿಂದಲೇ ಬರುತ್ತದೆ.

ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ ಕೊಬ್ಬು ಹೆಚ್ಚು ಕರಗುತ್ತದೆಯಲ್ಲವೇ ಎಂಬ ವಾದ ಪ್ರತಿ ಸಲವೂ ಬರುತ್ತದೆ. ಆ ಒಂದು ಗಂಟೆಯೊಳಗೆ ದೇಹ ಕೊಬ್ಬನ್ನು ಹೆಚ್ಚು ಬಳಸುತ್ತದೆ ಎಂಬುದು ನಿಜ. ಆದರೆ ದಿನದ ಒಟ್ಟು ಆಹಾರ ಒಂದೇ ಆಗಿದ್ದರೆ ವಾರಗಳ ಕೊನೆಗೆ ಕರಗುವ ಕೊಬ್ಬಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣುವುದಿಲ್ಲ. ಆರೋಗ್ಯವಂತರು ಮುಕ್ಕಾಲು ಗಂಟೆ ನಿಧಾನವಾಗಿ ಈಜಲು ಅಥವಾ ಓಡಲು ಖಾಲಿ ಹೊಟ್ಟೆಯಲ್ಲಿ ಹೋದರೆ ನನ್ನ ಅಭ್ಯಂತರವಿಲ್ಲ. ಮೂರು ಗಂಟೆಗಳ ಸವಾರಿ ಬೇರೆಯೇ ಮಾತು. ಹಸಿದು ಹೋದವರು ಎರಡನೆಯ ಗಂಟೆಯಲ್ಲಿ ವೇಗ ಕಳೆದುಕೊಳ್ಳುತ್ತಾರೆ, ತರಬೇತಿಯ ಗುಣಮಟ್ಟ ಕೆಡುತ್ತದೆ. ಮನೆಗೆ ಬಂದು ಮಧ್ಯಾಹ್ನದವರೆಗೆ ತಡೆದುಕೊಂಡು, ರಾತ್ರಿ ಹತ್ತರ ಮೇಲೆ ಕೈಗೆ ಸಿಕ್ಕ ಕುರುಕಲನ್ನೆಲ್ಲ ತಿನ್ನುತ್ತಾರೆ. ಅದು ಅವರ ಮನಸ್ಸಿನ ದೌರ್ಬಲ್ಯವಲ್ಲ, ಹಗಲು ಉಳಿಸಿಕೊಂಡ ಬಾಕಿಯನ್ನು ದೇಹ ವಸೂಲು ಮಾಡುತ್ತಿದೆ ಅಷ್ಟೇ. ಇದನ್ನು ತಿಳಿಯದೆ ತಮ್ಮನ್ನು ತಾವೇ ಹಳಿದುಕೊಳ್ಳುವವರನ್ನು ಕಂಡಾಗ ನನಗೆ ತುಂಬ ನೋವಾಗುತ್ತದೆ.

ಹಾಗಾದರೆ ತೂಕ ಇಳಿಸುವುದು ಯಾವಾಗ? ಸ್ಪರ್ಧೆ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಇರುವುದರಿಂದ ಫೆಬ್ರವರಿಯಿಂದ ಜೂನ್‌ವರೆಗಿನ ತಿಂಗಳುಗಳು, ತರಬೇತಿ ಇನ್ನೂ ಹಗುರವಾಗಿರುವಾಗ, ಅದಕ್ಕೆ ತಕ್ಕ ಕಾಲ. ದಿನಕ್ಕೆ 300ರಿಂದ 500 ಕಿಲೋ ಕ್ಯಾಲೊರಿಗಳ ಕೊರತೆ, ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಕೆ ಸಾಕು. ಆ ಕೊರತೆಯನ್ನು ವಿಶ್ರಾಂತಿಯ ದಿನಗಳಲ್ಲಿ, ಲಘು ವ್ಯಾಯಾಮದ ದಿನಗಳಲ್ಲಿ, ಸಂಜೆಯ ಕರಿದ ತಿಂಡಿಯಿಂದ, ಮದ್ಯದಿಂದ, ರಾತ್ರಿಯೂಟದಲ್ಲಿ ಎರಡನೆಯ ಸಲ ಬಡಿಸಿಕೊಳ್ಳುವುದರಿಂದ ತೆಗೆಯಬೇಕು. ಬೇಳೆ, ಮೊಟ್ಟೆ, ಮೊಸರು, ಮೀನು, ಮಾಂಸ, ಯಾವುದು ನಿಮ್ಮ ಮನೆಯಲ್ಲಿ ನಡೆಯುತ್ತದೆಯೋ ಅದರಿಂದ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.6 ಗ್ರಾಂನಷ್ಟು ಪ್ರೋಟೀನ್ ಸೇರಿದರೆ ಸ್ನಾಯು ಉಳಿಯುತ್ತದೆ. ಸಸ್ಯಾಹಾರಿಗಳು ಇದನ್ನು ತಲುಪಲು ಹೆಚ್ಚು ಯೋಚಿಸಬೇಕಾಗುತ್ತದೆ. ಜುಲೈ ನಂತರ ಭಾರವಾದ ತರಬೇತಿ ಶುರುವಾದಾಗ ಇಳಿಸುವ ಪ್ರಯತ್ನವನ್ನು ನಿಲ್ಲಿಸಿ. ಆಗ ತಾನಾಗಿ ಇಳಿದರೆ ಇಳಿಯಲಿ. ಅಂದಹಾಗೆ, ಈಜಿನಲ್ಲಿ ನಾಲ್ಕು ಕಿಲೋ ಹೆಚ್ಚಿದ್ದರೆ ಅಷ್ಟೇನೂ ನಷ್ಟವಿಲ್ಲ, ಸಮತಟ್ಟು ರಸ್ತೆಯ ಸೈಕಲ್ ಸವಾರಿಯಲ್ಲಿ ತೂಕಕ್ಕಿಂತ ಗಾಳಿಯ ತಡೆಯೇ ದೊಡ್ಡದು. ತೂಕದ ಬೆಲೆ ತೆರಬೇಕಾದದ್ದು ಮುಖ್ಯವಾಗಿ ಓಟದಲ್ಲಿ, ಆ ಓಟ ಕೆಡುವುದು ತೂಕಕ್ಕಿಂತ ಹೆಚ್ಚಾಗಿ ಖಾಲಿಯಾದ ಗ್ಲೈಕೋಜನ್‌ನಿಂದ.

ದೀರ್ಘ ತರಬೇತಿಯ ಭಾನುವಾರಕ್ಕೆ ಹಿಂದಿನ ರಾತ್ರಿ ಅನ್ನ ಸಾರು ಹೊಟ್ಟೆ ತುಂಬ ಊಟ ಮಾಡಿ. ಬೆಳಿಗ್ಗೆ ಹೊರಡುವ ಮುನ್ನ ಎರಡು ಮೂರು ಇಡ್ಲಿಯಾದರೂ, ಅವಲಕ್ಕಿಯಾದರೂ, ಬಾಳೆಹಣ್ಣಾದರೂ ಇರಲಿ. ರಾಗಿಮುದ್ದೆ, ಕಾಳಿನ ಸಾರು ವಾರದ ನಡುವೆ ಅತ್ಯುತ್ತಮ, ಆದರೆ ಸೈಕಲ್ ಏರುವ ಬೆಳಿಗ್ಗೆ ಅಷ್ಟು ನಾರು ಹೊಟ್ಟೆಗೆ ಭಾರ. ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಉಳಿದದ್ದಕ್ಕೆ ಖರ್ಜೂರ ಅಥವಾ ಉಪ್ಪು ಬೆರೆಸಿದ ಬೆಲ್ಲದ ಪಾನಕ ಸಾಕು. ದುಬಾರಿ ಜೆಲ್‌ಗಳನ್ನು ನಾನು ವಿರೋಧಿಸುವುದಿಲ್ಲ, ಸ್ಪರ್ಧೆಯಲ್ಲಿ ಅವು ಅನುಕೂಲ. ಆದರೆ ಏನೇ ಆದರೂ ತರಬೇತಿಯಲ್ಲಿ ಅಭ್ಯಾಸ ಮಾಡಿಕೊಳ್ಳದ ಆಹಾರವನ್ನು ಸ್ಪರ್ಧೆಯ ದಿನ ಮೊದಲ ಬಾರಿಗೆ ತಿನ್ನಬೇಡಿ. ಹಿಂತಿರುಗಿದ ಒಂದು ಗಂಟೆಯೊಳಗೆ ಮೊಸರನ್ನವೋ ಉಪ್ಪಿಟ್ಟು ಮೊಟ್ಟೆಯೋ ಹೊಟ್ಟೆಗೆ ಸೇರಲಿ. ಹೋಗುವ ಮುಂಚೆ ಮತ್ತು ಬಂದ ಮೇಲೆ ತೂಗಿ ನೋಡಿ ಕಂಡ ವ್ಯತ್ಯಾಸ ಬೆವರಿನದು. ಅದನ್ನು ಕೊಬ್ಬು ಕರಗಿದ ಲೆಕ್ಕಕ್ಕೆ ಬರೆದುಕೊಳ್ಳದೆ ನೀರು, ಉಪ್ಪಿನಿಂದ ನಿಧಾನವಾಗಿ ತುಂಬಿಕೊಳ್ಳಿ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ಹೃದಯದ ಇತಿಹಾಸ ಇರುವವರು ಇಲ್ಲಿಯ ಯಾವ ಅಂಕಿಯನ್ನೂ ತಮ್ಮ ವೈದ್ಯರನ್ನು ಕೇಳದೆ ಅಳವಡಿಸಿಕೊಳ್ಳಬಾರದು. ಈ ಅಂಕಿಗಳೆಲ್ಲ ಆರಂಭಕ್ಕೆ ಮಾತ್ರ, ಪ್ರತಿಯೊಬ್ಬರಿಗೂ ನೋಡಿ ತಿದ್ದಬೇಕಾಗುತ್ತದೆ.

ಆ ಎಂಜಿನಿಯರ್ ಮರುವರ್ಷ ಓಡಿದರು. ಸ್ಪರ್ಧೆಯ ದಿನ ಅವರ ತೂಕ 79 ಕಿಲೋ, ನಾನು ಮೊದಲು ಕಂಡಾಗ ಇದ್ದುದಕ್ಕಿಂತ ಒಂದೇ ಕಿಲೋ ಕಡಿಮೆ. ಹಿಂದಿನ ರಾತ್ರಿ ಗೋವಾದ ಬಾಡಿಗೆ ಮನೆಯಲ್ಲಿ ತಾಯಿಯೇ ಅನ್ನ ಮಾಡಿ ಬಡಿಸಿದ್ದರಂತೆ. ಈ ವರ್ಷ ಹೆಸರು ನೋಂದಾಯಿಸಿರುವವರು ನನ್ನ ಬಳಿಗೆ ಬರಲಿ, ಬೇರೆ ಯಾವುದೇ ಆಹಾರತಜ್ಞರ ಬಳಿಗೆ ಹೋಗಲಿ, ಮೂರು ದಿನ ತಿಂದದ್ದನ್ನು ಗಂಟೆಯ ಸಮೇತ ಒಂದು ಪುಸ್ತಕದಲ್ಲಿ ಬರೆದು ತರಬೇಕು. ಆ ಮೂರರಲ್ಲಿ ಒಂದು ಭಾನುವಾರವಾಗಿರಲಿ, ರಾತ್ರಿ ಹತ್ತರ ನಂತರ ತಿಂದದ್ದನ್ನೂ ಬಿಡದೆ ಬರೆಯಿರಿ.