ಯಾರೂ ಹುಡುಕದ ಕೈಪಿಡಿಯನ್ನು ಮಾರುವುದು ಹೇಗೆ?

ಶಿವಮೊಗ್ಗದಲ್ಲಿ ಸಣ್ಣಪುಟ್ಟ ವ್ಯಾಪಾರಗಳಿಗೆ ಮಾರ್ಕೆಟಿಂಗ್ ಮಾಡಿಕೊಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಕೈಪಿಡಿ ಹಿಡಿದುಕೊಂಡು ಬಂದರು. ಮಣ್ಣು ಪರೀಕ್ಷೆಯ ವರದಿ ಓದುವುದು ಹೇಗೆ ಅಂತ ಅಡಿಕೆ ತೋಟದವರಿಗೆ ಹೇಳಿಕೊಡುವ ಕೈಪಿಡಿ, ಜೊತೆಗೆ ಆರು ವಿಡಿಯೋ ಪಾಠ. ಬಹಳ ಚೆನ್ನಾಗಿ ಮಾಡಿದ್ದರು. ಆದರೆ ಯಾರೂ ಕೊಳ್ಳುತ್ತಿರಲಿಲ್ಲ.

ಇಂಥದಕ್ಕೆ ಗೂಗಲ್ ಹುಡುಕಾಟದ ಜಾಹೀರಾತು ಕೊಟ್ಟರೆ ಉಪಯೋಗ ಕಡಿಮೆ. ಯಾರಾದರೂ ಹುಡುಕಿದರೆ ತಾನೆ ಅದು ಕಾಣುವುದು? 2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರು ಮಾಡಿತು, ರೈತರ ಮಣ್ಣು ಪರೀಕ್ಷೆ ಮಾಡಿ ವರದಿಯನ್ನು ಕಾರ್ಡಿನಲ್ಲಿ ಬರೆದುಕೊಡುವ ಯೋಜನೆ. ನಾನು ಹೋದ ಎಷ್ಟೋ ಮನೆಗಳಲ್ಲಿ ಆ ಕಾರ್ಡು ಪಹಣಿಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿದೆ. ಅದರಲ್ಲಿ ಏನು ಬರೆದಿದೆ ಅಂತ ತಿಳಿಯಬೇಕು ಅಂತ ಯಾರಿಗೂ ಅನ್ನಿಸಿಲ್ಲ, ಅಷ್ಟೇ.

ಹುಡುಕುವವರಿಲ್ಲ ಅಂದ ಮಾತ್ರಕ್ಕೆ ತೊಂದರೆಯೇ ಇಲ್ಲ ಅಂತಲ್ಲ. ಮೇಷ್ಟ್ರನ್ನು ಕರೆದುಕೊಂಡು ಎರಡು ಬೆಳಿಗ್ಗೆ ಗೊಬ್ಬರದ ಅಂಗಡಿಯಲ್ಲಿ ಕೂತೆ. ಏನೂ ಮಾರಲಿಲ್ಲ, ಸುಮ್ನೆ ಕೇಳಿಸಿಕೊಂಡೆವು. ‘ಹೋದ ವರ್ಷದಷ್ಟೇ ಹಾಕಿದೀನಿ, ಮರ ಏಳ್ತಾನೇ ಇಲ್ಲ.’ ‘ಸೋಗೆ ಹಳದಿ ತಿರುಗಿದೆ.’ ‘ಇನ್ನೊಂದು ಚೀಲ ಜಾಸ್ತಿ ಹಾಕ್ಲಾ?’ ಮಣ್ಣು ಪರೀಕ್ಷೆ ಅನ್ನುವ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಎಲ್ಲರಿಗಿಂತ ಜಾಸ್ತಿ ಹೆದರಿದ್ದವರ ಮಾತನ್ನೇ ಎತ್ತಿಕೊಂಡು ‘ಸೋಗೆ ಹಳದಿಯಾಗಿದೆಯಾ?’ ಅಂತ ವಾಟ್ಸಾಪ್ ಗುಂಪುಗಳಲ್ಲಿ ಹಾಕಿಸಿದೆ. ಫೋನು ಬಿಡುವಿಲ್ಲದೆ ಬಂತು. ಆದರೆ ಹಲವರು ಶೃಂಗೇರಿ, ಕೊಪ್ಪದ ಕಡೆಯವರು, ಹಳದಿ ಎಲೆ ರೋಗದಲ್ಲಿ ತೋಟ ಕಳೆದುಕೊಳ್ಳುತ್ತಿರುವವರು. ಅದು ಫೈಟೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯಿಂದ ಬರುವ ರೋಗ, ವಾಸಿ ಮಾಡುವ ಔಷಧಿ ಇಲ್ಲ. ನಮ್ಮ ಕೈಪಿಡಿಯಿಂದ ಅವರ ತೋಟ ಉಳಿಯುತ್ತಿರಲಿಲ್ಲ. ಅವರು ಕಳಿಸಿದ ದುಡ್ಡು ವಾಪಸ್ ಕೊಟ್ಟೆವು, ಆ ಜಾಹೀರಾತನ್ನೂ ತೆಗೆದೆವು. ಬೇಡಿಕೆ ಇಲ್ಲದ ಮಾಹಿತಿಯನ್ನು ಜನರ ಚಿಂತೆಯೊಂದಕ್ಕೆ ಜೋಡಿಸಲೇಬೇಕು, ಬೇರೆ ದಾರಿ ಇಲ್ಲ, ಆದರೆ ಆ ಚಿಂತೆಗೆ ನಮ್ಮ ಹತ್ತಿರ ನಿಜವಾದ ಉತ್ತರ ಇರಬೇಕು.

ಹಾಗಾದರೆ ಮೇಷ್ಟ್ರ ಹತ್ತಿರ ಇದ್ದ ಉತ್ತರ ಯಾವುದು? ನಮ್ಮ ಮಳೆಗೆ ಮಣ್ಣಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ತೊಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ. ಈ ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಾಕಿದ ರಂಜಕವನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಸರಿಯಾಗಿ ಸಿಗುವುದಿಲ್ಲ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಅನ್ನುವುದು ಶಿಫಾರಸು. ಹುಳಿ ಮಣ್ಣಿಗೆ ಸುಣ್ಣ ಕೊಡದೆ ಇದನ್ನು ಲೆಕ್ಕ ಹಾಕಿ ಸುರಿದರೂ ದುಡ್ಡು ಮಣ್ಣಲ್ಲೇ ಉಳಿಯುತ್ತದೆ. ಕೈಪಿಡಿಯ ಹೆಸರನ್ನೇ ಬದಲಾಯಿಸಿದೆವು: ‘ಹಾಕಿದ ಗೊಬ್ಬರ ಮರಕ್ಕೆ ಸೇರ್ತಿದೆಯಾ?’

ಈ ಸಲ ಫೋನು ಕಡಿಮೆ ಬಂತು. ಆದರೆ ಮಾಡಿದವರಲ್ಲಿ ಹೆಚ್ಚಿನವರು ಕೊಂಡರು.

ಸಮಯವನ್ನೂ ನೋಡಿಕೊಂಡೆವು. ಮಳೆ ಇಳಿದು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಗೊಬ್ಬರಕ್ಕೆ ಜನ ದುಡ್ಡು ಬಿಚ್ಚುವ ಹೊತ್ತು. ಅಂಗಡಿಯಲ್ಲೇ ಒಂದು ಹಾಳೆ ಇಟ್ಟೆವು, ಬಿಟ್ಟಿ. ನಿಮ್ಮ ಕಾರ್ಡಿನಲ್ಲಿ ಪಿಎಚ್ ಎಲ್ಲಿ ಬರೆದಿದೆ, 5.5ಕ್ಕಿಂತ ಕೆಳಗಿದೆಯಾ ನೋಡಿ, ಅಷ್ಟೇ ಅದರಲ್ಲಿ. ಬಿಟ್ಟಿ ಕೊಟ್ಟರೆ ಕೊಳ್ಳುವವರು ಯಾರು ಅಂತ ಮೇಷ್ಟ್ರಿಗೆ ಆತಂಕ. ಆದರೆ ಮನೆಗೆ ಹೋಗಿ ಕವರ್ ಬಿಚ್ಚಿ 5.1 ಅಂತ ನೋಡಿದವರಿಗೆ ‘ಈಗೇನು ಮಾಡೋದು?’ ಅಂತ ತಾನಾಗಿಯೇ ಅನ್ನಿಸುತ್ತದೆ ಅಲ್ವಾ? ಅಲ್ಲಿವರೆಗೆ ಕೈಪಿಡಿಗೆ ಗಿರಾಕಿಯೇ ಇಲ್ಲ.

ಈಗ ಸಾಗರದ ಕಡೆಯವರೊಬ್ಬರು ಕಾಳುಮೆಣಸಿನ ಸೊರಗು ರೋಗದ ಬಗ್ಗೆ ವಿಡಿಯೋ ಪಾಠ ಮಾಡಬೇಕು ಅಂತ ಬಂದಿದ್ದಾರೆ. ಕೇಳಿದವರೆಲ್ಲ ‘ಚೆನ್ನಾಗಿರುತ್ತೆ, ಮಾಡಿ’ ಅಂದಿದ್ದಾರಂತೆ. ನಮ್ಮ ಕಡೆ ಯಾರು ತಾನೆ ಬೇಡ ಅನ್ನುತ್ತಾರೆ? ಕ್ಯಾಮೆರಾ ಆಮೇಲೆ ತರೋಣ ಅಂದೆ. ಮೊದಲು ಬಳ್ಳಿ ಸೊರಗಿದ ಹತ್ತು ತೋಟಗಳಿಗೆ ಹೋಗಿ, ಪಾಠ ಯಾವಾಗ ಬರುತ್ತೆ ಅಂತ ತಿಳಿಸಿ, ಅರ್ಧ ದುಡ್ಡು ಮುಂಗಡ ಕೇಳಿ ನೋಡಿ, ಕೊಡದವರು ಯಾಕೆ ಕೊಡಲಿಲ್ಲ ಅಂತ ಅವರ ಮಾತಲ್ಲೇ ಬರೆದುಕೊಂಡು ಬನ್ನಿ ಅಂತ ಕಳಿಸಿದ್ದೇನೆ.