ವಿಮಾನದ ಮೈಮೇಲಿನ ಕಲೆ

ಹೋದ ಮಳೆಗಾಲದಲ್ಲಿ ಅಕ್ಕನ ಮಗ ತನ್ನ ಮೊದಲ ಸ್ಕಿನ್, ಅಂದರೆ ಕಂಪ್ಯೂಟರಿನ ವಿಮಾನಕ್ಕೆ ತೊಡಿಸುವ ಬಣ್ಣದ ಹೊದಿಕೆ, ಮುಗಿಸಿ ತನ್ನ ಅಪ್ಪನಿಗೆ ತೋರಿಸಿದ. ಯುದ್ಧವಿಮಾನದ ಸಿಮ್ಯುಲೇಟರ್‌ನಲ್ಲಿ ಹಾರಿಸುವ ಹ್ಯಾರಿಯರ್‌ಗೆ ಅವನು ಭಾರತೀಯ ನೌಕಾಪಡೆಯ ಬಣ್ಣ ಹಾಕಿದ್ದ. ಬೂದು ಮೈ, ಕೇಸರಿ-ಬಿಳಿ-ಹಸಿರಿನ ವೃತ್ತ, ಮೈತುಂಬಾ ಎಣ್ಣೆ-ಕೊಳೆಯ ಕಲೆ. ಒಂದೊಂದು ಕಲೆಯನ್ನೂ ರಾತ್ರಿ ಕೂತು ಬಿಡಿಸಿದ್ದ. ಭಾವ ಗೋವಾದ ವಾಸ್ಕೋದಲ್ಲಿ ಕಾರುಗಳಿಗೆ ಪೇಂಟ್ ಹೊಡೆಯುವವರು, ಬಾಗಲಕೋಟೆ ಕಡೆಯವರು. ಪರದೆಗೆ ಮುಖ ಹತ್ತಿರ ತಂದು ನೋಡಿ, "ಭಾಳ ಚಲೋ ಮಾಡೀಯಪ್ಪಾ. ಆದ್ರ ಕಲೆ ಎಲ್ಲಾ ಕೆಳಗ ಇಳದಾವಲ್ಲ. ನಿನ್ನ ವಿಮಾನ ಹಾರತೈತೋ, ನಿಂತೈತೋ?" ಎಂದರು.

ನಾನು ಎಷ್ಟೋ ವರ್ಷಗಳಿಂದ ಸ್ಕಿನ್ ಮಾಡುತ್ತಿದ್ದೇನೆ. ಇಷ್ಟು ಸರಿಯಾದ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ.

ಹುಡುಗ ಫೋಟೋ ತೆಗೆದುಕೊಂಡದ್ದು ಬೋಗ್ಮಾಳೊದ ನೌಕಾ ವಿಮಾನಯಾನ ವಸ್ತುಸಂಗ್ರಹಾಲಯದಲ್ಲಿ. ದಾಬೋಳಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. 1998ರಲ್ಲಿ ಶುರುವಾಯಿತು. ಸೀ ಹಾಕ್, ಅಲಿಝೆ, ಹ್ಯಾರಿಯರ್‌ನ ನೌಕಾ ರೂಪವಾದ ಸೀ ಹ್ಯಾರಿಯರ್, ದೊಡ್ಡ ಸೂಪರ್ ಕಾನ್‌ಸ್ಟಲೇಷನ್, ಎಲ್ಲವನ್ನೂ ಕೈಯಳತೆಯಲ್ಲಿ ನೋಡಬಹುದು. ಸೀ ಹ್ಯಾರಿಯರ್‌ಗಳು ಇದೇ ದಾಬೋಳಿಯಿಂದ 2016ರವರೆಗೆ ಹಾರುತ್ತಿದ್ದವು. ಆದರೆ ಅಲ್ಲಿರುವ ವಿಮಾನಗಳು ಬಯಲಲ್ಲಿ ನಿಂತಿವೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಆ ನೀರು ಸ್ಕ್ರೂ ಸಂದಿಯಿಂದ, ಬಾಗಿಲ ಅಂಚಿನಿಂದ ತುಕ್ಕು, ಪಾಚಿ ಹೊತ್ತು ನೆಲದ ಕಡೆಗೆ ಇಳಿಯುತ್ತದೆ. ಹಾರುವ ವಿಮಾನದ ಕಥೆಯೇ ಬೇರೆ. ಗಂಟೆಗೆ 900 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 250 ಮೀಟರ್. ಆ ಗಾಳಿಯಲ್ಲಿ ಸಂದಿಯಿಂದ ಜಿನುಗಿದ ಎಣ್ಣೆಗೆ ಕೆಳಗಿಳಿಯಲು ಪುರುಸೊತ್ತೇ ಇಲ್ಲ. ಗಾಳಿ ಅದನ್ನು ಬಾಲದ ಕಡೆಗೆ ಎಳೆದುಬಿಡುತ್ತದೆ. ಹುಡುಗ ನಕಲು ಮಾಡಿದ್ದು ಮಳೆಯ ಕೆಲಸವನ್ನು. ಬೇಕಾಗಿದ್ದದ್ದು ಗಾಳಿಯ ಕೆಲಸ.

ಸ್ಕಿನ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಸಿಮ್ಯುಲೇಟರ್‌ನ ವಿಮಾನ ಸಾವಿರಾರು ತ್ರಿಕೋನಗಳಿಂದ ಕಟ್ಟಿದ ಒಂದು ಪೊಳ್ಳು ಆಕಾರ. ಅದರ ಮೈಯನ್ನು ಅಲ್ಲಲ್ಲಿ ಕತ್ತರಿಸಿ, ಚಪ್ಪಟೆಯಾಗಿ ಹಾಸಿ, ಒಂದು ಚೌಕ ಚಿತ್ರದಲ್ಲಿ ಜೋಡಿಸಿರುತ್ತಾರೆ. ಟೈಲರ್ ಬ್ಲೌಸ್ ಪೀಸ್ ಮೇಲೆ ತೋಳು, ಬೆನ್ನು, ಮುಂಭಾಗ ಗುರುತು ಹಾಕಿಕೊಳ್ಳುತ್ತಾರಲ್ಲ, ಹಾಗೆ. ನಾವು ಬಣ್ಣ ಹಚ್ಚುವುದು ಆ ಚಪ್ಪಟೆ ಚಿತ್ರಕ್ಕೆ. ಕಂಪ್ಯೂಟರ್ ಅದನ್ನು ಮತ್ತೆ ವಿಮಾನಕ್ಕೆ ಹೊಲಿದು ತೊಡಿಸುತ್ತದೆ. ಉಬ್ಬಿದ ಮೂಗು, ಎಂಜಿನ್‌ಗೆ ಗಾಳಿ ಎಳೆಯುವ ದುಂಡಗಿನ ಬಾಯಿ ಇಂಥ ಕಡೆ ಚಿತ್ರ ಸ್ವಲ್ಪ ಎಳೆದಂತೆ ಆಗುತ್ತದೆ. ಚೆಂಡಿನಂಥ ಮೈಯನ್ನು ಎಳೆಯದೆ, ಹರಿಯದೆ ಚಪ್ಪಟೆ ಮಾಡಲು ಸಾಧ್ಯವೇ ಇಲ್ಲ ಎಂದು ಗಣಿತಜ್ಞ ಗೌಸ್ 1827ರಲ್ಲೇ ತೋರಿಸಿಕೊಟ್ಟಿದ್ದಾನೆ. ಭೂಪಟ ಮಾಡುವವರ ಕಷ್ಟವೂ ಇದೇ.

ಇನ್ನೊಂದು ತೊಡಕು ಜಾಗದ್ದು. ಈಗ ಸಾಮಾನ್ಯವಾಗಿ ಚಿತ್ರದ ಅಳತೆ 4096 × 4096 ಪಿಕ್ಸೆಲ್. ಜಾಸ್ತಿ ಅನಿಸುತ್ತದೆ, ಅಲ್ವಾ? ಸೀ ಹ್ಯಾರಿಯರ್‌ನ ಉದ್ದ ಸುಮಾರು 14.5 ಮೀಟರ್. ಅದರ ಒಂದು ಮಗ್ಗುಲನ್ನು ಚಿತ್ರದ ಪೂರ್ತಿ ಅಗಲಕ್ಕೆ ಹಾಸಿದರೂ ಒಂದು ಪಿಕ್ಸೆಲ್‌ಗೆ ಮೂರೂವರೆ ಮಿಲಿಮೀಟರ್ ಬರುತ್ತದೆ. ತಗಡು ಜೋಡಿಸುವ ಒಂದು ರಿವೆಟ್ ಮೊಳೆಯ ತಲೆಗೆ ಎರಡು ಪಿಕ್ಸೆಲ್ ಸಿಕ್ಕರೆ ಹೆಚ್ಚು. ಹಾಗಾಗಿ ಕೆಲವು ಮಾದರಿಗಳಲ್ಲಿ ಎಡ-ಬಲ ಎರಡಕ್ಕೂ ಒಂದೇ ತುಂಡು ಚಿತ್ರ ಬಳಸಿ ಜಾಗ ಉಳಿಸುತ್ತಾರೆ. ಅಲ್ಲಿ ಅಕ್ಷರ ಬರೆದರೆ ಒಂದು ಕಡೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಹುಡುಗ ಕಾಕ್‌ಪಿಟ್ ಕೆಳಗೆ ಅಜ್ಜಿಯ ಹೆಸರನ್ನು ಕನ್ನಡದಲ್ಲಿ ಬರೆದಿದ್ದ. ಬಲಗಡೆ ಅದು ಉಲ್ಟಾ ಬಂದಾಗ ಅಳುವುದೊಂದು ಬಾಕಿ.

ಹಿಂದೆ ಕೆಲಸ ಇಷ್ಟಕ್ಕೇ ಮುಗಿಯುತ್ತಿತ್ತು. 2001ರಲ್ಲಿ ಬಂದ ಐಎಲ್-2 ಸ್ಟರ್ಮೋವಿಕ್ ಎಂಬ ಸಿಮ್ಯುಲೇಟರ್‌ನಲ್ಲಿ ಸ್ಕಿನ್‌ಗೆ 256 ಬಣ್ಣಗಳು ಮಾತ್ರ. ನೆರಳು, ಹೊಳಪು ಎಲ್ಲವನ್ನೂ ಬಣ್ಣದಲ್ಲೇ ಬರೆಯಬೇಕಿತ್ತು. ಈಗ ಬೆಳಕಿನ ಲೆಕ್ಕವನ್ನು ಸಿಮ್ಯುಲೇಟರ್ರೇ ಮಾಡುತ್ತದೆ. ನಾವು ಹೇಳಬೇಕಾದ್ದು ಮೂರು ವಿಷಯ: ಈ ಜಾಗದ ಬಣ್ಣ ಯಾವುದು, ಎಷ್ಟು ಒರಟು, ಲೋಹ ಹೌದೋ ಅಲ್ಲವೋ. ಡಿಸಿಎಸ್ ಎಂಬ ಸಿಮ್ಯುಲೇಟರ್‌ನಲ್ಲಿ ಒರಟುತನ ಒಂದು ಚಿತ್ರದ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳ (ಚಾನೆಲ್) ಪೈಕಿ ಹಸಿರಿನಲ್ಲಿ ಕೂರುತ್ತದೆ, ಲೋಹದ ಗುರುತು ಅದೇ ಚಿತ್ರದ ನೀಲಿಯಲ್ಲಿ. ವಿಮಾನ ಅಲ್ಯೂಮಿನಿಯಂದು ತಾನೆ ಅಂತ ಹೊಸಬರು ಪೂರ್ತಿ ಮೈಗೆ ಲೋಹ ಎಂದು ಗುರುತು ಹಾಕಿಬಿಡುತ್ತಾರೆ. ತಪ್ಪು. ಬೆಳಕಿಗೆ ಕಾಣುವುದು ಪೇಂಟ್. ಪೇಂಟ್ ಎದ್ದುಹೋದ ಕಡೆ ಮಾತ್ರ ಲೋಹ.

ನಾನು ಅತಿ ಹೆಚ್ಚು ಹೊತ್ತು ಕೊಡುವುದು ಒರಟುತನಕ್ಕೆ. ಅದು ಏನೆಂದು ನನಗೆ ಅರ್ಥವಾದದ್ದು ಭಾವನ ಗ್ಯಾರೇಜಿನಲ್ಲಿ. ಸಮುದ್ರದ ಹತ್ತಿರ ವರ್ಷಗಟ್ಟಲೆ ಬಿಸಿಲಲ್ಲಿ ನಿಂತಿದ್ದ ಒಂದು ಹಳೇ ಜೀಪು ಬಂದಿತ್ತು. ಬಾನೆಟ್ ಬಣ್ಣ ಪೂರ್ತಿ ಮಂಕಾಗಿತ್ತು. ಭಾವ ಅಂಗೈಯಿಂದ ಉಜ್ಜಿ ತೋರಿಸಿದರು. ಕೈಯೆಲ್ಲಾ ಬಿಳಿ ಪುಡಿ. ಬಿಸಿಲಿನ ಅತಿನೇರಳೆ ಕಿರಣ ಪೇಂಟಿನ ರಾಳವನ್ನು ಮುರಿಯುತ್ತದೆ. ಬಣ್ಣದ ಕಣಗಳನ್ನು ಹಿಡಿದಿಡುವ ಅಂಟು ಹೋಗುತ್ತದೆ, ಕಣಗಳು ಸೀಮೆಸುಣ್ಣದ ಪುಡಿಯಂತೆ ಮೇಲೆ ಉಳಿಯುತ್ತವೆ. ಆಮೇಲೆ ಒಂದು ಮಗ್ ನೀರು ಸುರಿದರು. ನೀರು ಹರಿದ ಜಾಗದಲ್ಲಿ ಕಡು ನೀಲಿ ಬಣ್ಣ ಎದ್ದು ಬಂತು, ಐದು ನಿಮಿಷಕ್ಕೆ ಒಣಗಿ ಮತ್ತೆ ಮಂಕಾಯಿತು. ಅಂದರೆ ಬಣ್ಣ ಬಹುಪಾಲು ಅಲ್ಲೇ ಇತ್ತು. ಒರಟಾದ ಮೈ ಬೆಳಕನ್ನು ದಿಕ್ಕುದಿಕ್ಕಿಗೆ ಚೆದುರಿಸುತ್ತಿತ್ತು, ಅದಕ್ಕೇ ಬಿಳಿಚಿಕೊಂಡಂತೆ ಕಾಣುತ್ತಿತ್ತು. ನೀರು ಆ ಒರಟನ್ನು ತುಂಬಿ ನಯ ಮಾಡಿತು. ಅವತ್ತಿನಿಂದ ಹಳೆಯ ವಿಮಾನ ಮಾಡುವಾಗ ನಾನು ಬಣ್ಣಕ್ಕೆ ಸುಮ್ನೆ ಬಿಳಿ ಬೆರೆಸುವುದನ್ನು ಬಿಟ್ಟೆ. ಬಿಸಿಲು ನೇರ ಬೀಳುವ ಬೆನ್ನು, ರೆಕ್ಕೆಯ ಮೇಲ್ಭಾಗ ಹೆಚ್ಚು ಒರಟು. ಹೊಟ್ಟೆಯ ಭಾಗ ನಯವಾಗೇ ಇರುತ್ತದೆ. ಸಿಮ್ಯುಲೇಟರ್‌ನಲ್ಲಿ ವಿಮಾನ ಸೂರ್ಯನ ಎದುರು ವಾಲಿದಾಗ ಈ ವ್ಯತ್ಯಾಸ ಒಮ್ಮೆಲೇ ಕಾಣುತ್ತದೆ. ಆ ಒಂದು ಕ್ಷಣಕ್ಕೆ ವಾರಗಟ್ಟಲೆ ಕೂತದ್ದೂ ಸಾರ್ಥಕ ಅನಿಸುತ್ತದೆ.

ಬಣ್ಣ ಆರಿಸುವುದಕ್ಕೂ ಕಾರಣ ಇದೆ. ಆರಂಭದ ಸೀ ಹ್ಯಾರಿಯರ್‌ಗಳ ಮೇಲ್ಮೈ ಕಡು ಬೂದು, ಹೊಟ್ಟೆ ಬಿಳಿ. ಮೇಲಿನಿಂದ ನೋಡಿದವನಿಗೆ ಕೆಳಗಿನ ಸಮುದ್ರ ಕಪ್ಪಗೆ ಕಾಣುತ್ತದೆ, ಕೆಳಗಿನಿಂದ ನೋಡಿದವನಿಗೆ ಆಕಾಶ ಬೆಳ್ಳಗೆ. ಬಂಗಡೆ ಮೀನಿನ ಬೆನ್ನು, ಹೊಟ್ಟೆ ನೋಡಿ, ಅದೇ ಏರ್ಪಾಡು. ಮುಂದೆ ಪೂರ್ತಿ ಬೂದು ಬಣ್ಣ ಬಂತು.

ಹ್ಯಾರಿಯರ್‌ಗೆ ಮಸಿ ಬಳಿಯುವಾಗಲಂತೂ ಒಳಗಿನ ಎಂಜಿನ್ ಗೊತ್ತಿರಲೇಬೇಕು. ಅದರ ಪೆಗಾಸಸ್ ಎಂಜಿನ್‌ಗೆ ಮಗ್ಗುಲುಗಳಲ್ಲಿ ನಾಲ್ಕು ತಿರುಗುವ ಕೊಳವೆಬಾಯಿಗಳು. ಮುಂದಿನ ಎರಡರಿಂದ ಬರುವುದು ಫ್ಯಾನ್ ತಳ್ಳಿದ ಗಾಳಿ ಮಾತ್ರ, ಅದರಲ್ಲಿ ಇಂಧನ ಉರಿದಿಲ್ಲ. ಹಿಂದಿನ ಎರಡರಿಂದ ಬರುವುದು ಉರಿದ ಬಿಸಿ ಅನಿಲ. ಅದಕ್ಕೇ ಅವುಗಳ ಹಿಂದೆ ಮೈಗೆ ಬಿಸಿ ತಡೆಯುವ ಲೋಹದ ತಗಡು ಹಾಕಿರುತ್ತಾರೆ. ಮಸಿ, ಸುಟ್ಟ ಬಣ್ಣ ಎಲ್ಲಾ ಅಲ್ಲಿರಬೇಕು. ನಾಲ್ಕೂ ಬಾಯಿಗಳಿಗೆ ಸಮನಾಗಿ ಮಸಿ ಬಳಿದ ಸ್ಕಿನ್ ನೋಡಿದರೆ ನನಗೆ ಬೇಜಾರಾಗುತ್ತದೆ. ಅಷ್ಟು ಚಂದದ ಕೈಕೆಲಸ, ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳದೆ ಕೆಟ್ಟಿರುತ್ತದೆ.

ಹುಡುಗ ಕಲೆಗಳ ಲೇಯರ್ ಪೂರ್ತಿ ಅಳಿಸಿ ಮತ್ತೆ ಶುರು ಮಾಡಿದ. ಇಬ್ಬರೂ ಇನ್ನೊಮ್ಮೆ ಬೋಗ್ಮಾಳೊಗೆ ಹೋದೆವು. ಈ ಸಲ ಅವನು ಕಲೆಗಳ ಫೋಟೋ ತೆಗೆಯಲಿಲ್ಲ. ಯಾವ ಬಾಗಿಲು ತೆರೆಯುತ್ತದೆ, ಸ್ಕ್ರೂ ಎಲ್ಲೆಲ್ಲಿವೆ, ಕಾಕ್‌ಪಿಟ್ ಹತ್ತುವವರು ಎಲ್ಲಿ ಕೈ ಊರುತ್ತಾರೆ, ಅದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡ. ಎರಡು ತಿಂಗಳ ನಂತರ ಮತ್ತೆ ಅಪ್ಪನನ್ನು ಪರದೆಯ ಮುಂದೆ ಕೂರಿಸಿದ. ಎಣ್ಣೆಯ ಗೆರೆಗಳೆಲ್ಲ ಈಗ ಬಾಲದ ಕಡೆಗೆ ಓಡುತ್ತಿದ್ದವು. ಚಕ್ರದ ಬಾಗಿಲ ಹತ್ತಿರ ಮಾತ್ರ ಕೆಂಪು ಎಣ್ಣೆಯ ಒಂದು ಸಣ್ಣ ಗೆರೆ ನೇರ ಕೆಳಗಿಳಿದಿತ್ತು.

"ಇದೊಂದು ಯಾಕ ಕೆಳಗೈತಿ?" ಎಂದು ಭಾವ ಬೆರಳಿಟ್ಟರು.

"ಅದು ಹಾರುವಾಗಿಂದಲ್ಲಪ್ಪಾ. ಹಡಗಿನ ಮ್ಯಾಲ ನಿಂತಾಗ ಸೋರಿದ್ದು."

ಭಾವ ಕುರ್ಚಿ ಇನ್ನೂ ಮುಂದಕ್ಕೆ ಎಳೆದುಕೊಂಡು, "ಹಂಗಾರ ಹಿಂದಿಂದು ತೋರ್ಸು" ಎಂದರು.